ಹದಿನೇಳು ಲಕ್ಷದ ಟೊಮೆಟೊ: ಜಾವಾಸ್ಕ್ರಿಪ್ಟ್‌ನಿಂದ ಸೇರಿಸಿದ ಎಚ್‌ಟಿಎಂಎಲ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು

ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ. “ಸಾರ್, ಟೊಮೆಟೊ ಹದಿನೇಳು ಲಕ್ಷ ಆಗೋಗಿದೆ. ಬೇಗ ನೋಡಿ, ರೈತರು ಫೋಟೋ ಹೊಡ್ಕೊಂಡು ನಗ್ತಾವ್ರೆ.”

2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೂ ಹದಿನೇಳು ಲಕ್ಷ ಸ್ವಲ್ಪ ಜಾಸ್ತಿಯೇ ಆಯ್ತು.

ಆ ಮಂಡಿಯ ರೇಟಿನ ಪುಟ ಮಾಡಿಕೊಟ್ಟಿದ್ದು ನಾನೇ. ಹರಾಜು ನಡೆಯುತ್ತಿದ್ದಂತೆ ಲಾಟ್ ನಂಬರ್, ಎಷ್ಟು ಬಾಕ್ಸ್, ಬಾಕ್ಸಿಗೆ ಎಷ್ಟು ರೇಟು ಅಂತ ಒಂದೊಂದೇ ಸಾಲು ಬಂದು ಕೂರುತ್ತದೆ. ಫೋನಿನಲ್ಲೇ ತೆರೆದು ನೋಡಿದೆ. ಮೊದಲ ಸಾಲು 1760420. ಅಂದರೆ ಲಾಟ್ 17, ಬಾಕ್ಸ್ 60, ರೇಟು 420. ಮೂರೂ ಅಂಟಿಕೊಂಡು ಒಂದೇ ಸಂಖ್ಯೆಯಾಗಿ ಕೂತಿದ್ದವು. ಕೆಳಗಿನ ಸಾಲುಗಳೂ ಅದಕ್ಕೇ ಅಂಟಿಕೊಂಡು ಬಂದಿದ್ದವು.

ಹಿಂದಿನ ರಾತ್ರಿ ನಾನು ಮಾಡಿದ್ದು ಒಂದೇ ಕೆಲಸ. ಪುಟ ಹಗುರ ಆಗಲಿ ಅಂತ ಜೆಕ್ವೆರಿ (ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಸಿದ್ಧ ಕೋಡ್‌ನ ಕಟ್ಟು) ಕಿತ್ತು ಹಾಕಿ, ಎಲ್ಲವನ್ನೂ ಬರೀ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೆ. ಆ ಒಂದು ಬದಲಾವಣೆಯಿಂದ ಮಧ್ಯಾಹ್ನದೊಳಗೆ ಬೇರೆ ಬೇರೆ ತೊಂದರೆಗಳು ಸಾಲಾಗಿ ಎದ್ದವು. ಎಲ್ಲದರ ಬೇರೂ ಒಂದೇ ಕಡೆ ಇತ್ತು. ನಾವು ಕೊಡುವ ಎಚ್‌ಟಿಎಂಎಲ್ ಅನ್ನು, ಅಂದರೆ ಪುಟದ ರಚನೆ ಹೇಳುವ ಟ್ಯಾಗ್‌ಗಳ ಬರಹವನ್ನು, ಬ್ರೌಸರ್ ಹಾಗೇ ಪುಟಕ್ಕೆ ಅಂಟಿಸುವುದಿಲ್ಲ. ಅದನ್ನು ಓದಿ, ತನ್ನ ನಿಯಮದ ಪ್ರಕಾರ ಒಂದು ಮರ ಕಟ್ಟುತ್ತದೆ. ನಮ್ಮ ಕೈಗೆ ಸಿಗುವುದು ಆ ಮರ, ನಾವು ಬರೆದ ಅಕ್ಷರಗಳಲ್ಲ. ಇಷ್ಟು ದಿನ ಜೆಕ್ವೆರಿ ನಡುವೆ ನಿಂತು ಸುಮ್ನೆ ತೇಪೆ ಹಾಕುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಈ ಬರಹದಲ್ಲಿ ಟ್ಯಾಗ್, ಆಜ್ಞೆಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೋಡ್ ಬರೆಯುವಾಗ ಇಂಗ್ಲಿಷ್‌ನಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಬ್ರೌಸರ್ ಏನು ಮಾಡುತ್ತದೆ ಅನ್ನೋದೂ ಕೆಳಗೆ ಬರುತ್ತದೆ, ಅದರಲ್ಲೊಂದು ಮಜಾ ಇದೆ.

ಮೊದಲು ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ

ತುಂಬ ಜನ ಮಾಡುವ ಮೊದಲ ತಪ್ಪು ‘ವ್ಯೂ ಪೇಜ್ ಸೋರ್ಸ್’ ತೆರೆಯುವುದು. ಅದರಲ್ಲಿ ಕಾಣುವುದು ಸರ್ವರ್ ಕಳಿಸಿದ ಮೂಲ ಎಚ್‌ಟಿಎಂಎಲ್. ಜಾವಾಸ್ಕ್ರಿಪ್ಟ್ ಆಮೇಲೆ ಸೇರಿಸಿದ್ದು ಅಲ್ಲಿ ಇರುವುದೇ ಇಲ್ಲ. ಎಫ್12 ಒತ್ತಿ, ಎಲಿಮೆಂಟ್ಸ್ ಟ್ಯಾಬ್ ನೋಡಿ. ಈಗ ಇರುವ ಮರ ಅಲ್ಲಿದೆ.

ಎಲಿಮೆಂಟ್ಸ್ ಟ್ಯಾಬ್ ಒಂದೇ ಸಾಲದು. ಒಂದು ಎಲಿಮೆಂಟಿನ (ಟ್ಯಾಗ್‌ನಿಂದ ಹುಟ್ಟುವ ಮರದ ಕೊಂಬೆ) ಒಳಗಿನ ಎಚ್‌ಟಿಎಂಎಲ್ ಅನ್ನು ಓದಲು, ಬದಲಿಸಲು ಬಳಸುವುದು ಇನ್ನರ್‌ಎಚ್‌ಟಿಎಂಎಲ್. ಅದಕ್ಕೆ ಬೆಲೆ (ವ್ಯಾಲ್ಯೂ) ಕೊಡುವ ಸಾಲಿಗಿಂತ ಮುಂಚೆ, ನೀವು ಕೊಡುತ್ತಿರುವ ಸ್ಟ್ರಿಂಗ್ (ಅಕ್ಷರಗಳ ಸರ) ಅನ್ನು ಎಫ್12ರಲ್ಲೇ ಇರುವ ಕನ್ಸೋಲ್‌ಗೆ ಲಾಗ್ ಮಾಡಿ. ಬೆಲೆ ಕೊಟ್ಟ ಮರುಸಾಲಿನಲ್ಲೇ, ಅದೇ ಎಲಿಮೆಂಟಿನ ಇನ್ನರ್‌ಎಚ್‌ಟಿಎಂಎಲ್ ಅನ್ನು ವಾಪಸ್ ಓದಿ ಲಾಗ್ ಮಾಡಿ. ಮೊದಲನೆಯದು ನೀವು ಕೊಟ್ಟಿದ್ದು. ಎರಡನೆಯದು ಬ್ರೌಸರ್ ಕಟ್ಟಿದ ಮರವನ್ನು ಅದು ಮತ್ತೆ ಅಕ್ಷರಕ್ಕಿಳಿಸಿ ಕೊಟ್ಟಿದ್ದು. ಎಲಿಮೆಂಟನ್ನೇ ಲಾಗ್ ಮಾಡಬೇಡಿ. ನೀವು ಅದನ್ನು ಬಿಚ್ಚಿ ನೋಡುವ ಹೊತ್ತಿಗೆ ಅದು ಬದಲಾಗಿರಬಹುದು, ಆಗ ಕಾಣುವುದು ಬದಲಾದ ರೂಪ. ಸ್ಟ್ರಿಂಗ್ ಆದರೆ ಆ ಕ್ಷಣದ ಫೋಟೋ ಇದ್ದಂತೆ.

ನನ್ನ ಕನ್ಸೋಲ್‌ನಲ್ಲಿ ಮೊದಲ ಸಾಲು ಹೀಗಿತ್ತು: ಟಿಆರ್ (ಟೇಬಲ್‌ನ ಒಂದು ಸಾಲು), ಅದರೊಳಗೆ ಟಿಡಿ (ಸಾಲಿನ ಒಂದು ಮನೆ) 17, ಟಿಡಿ 60, ಟಿಡಿ 420, ಕೊನೆಗೆ ಟಿಆರ್ ಮುಚ್ಚಿದ್ದು. ಎರಡನೇ ಸಾಲಿನಲ್ಲಿ ಬರೀ 1760420. ಟ್ಯಾಗ್‌ಗಳೆಲ್ಲ ಮಾಯ.

ಎರಡು ಸಾಲಿನ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ದೊಡ್ಡಕ್ಷರದ ಟ್ಯಾಗ್ ಸಣ್ಣಕ್ಷರ ಆಗಿರುತ್ತದೆ, ಬಿಡಿ ಆ್ಯಂಪರ್ಸ್ಯಾಂಡ್ ಚಿಹ್ನೆ ಅದರ ಉದ್ದನೆಯ ರೂಪಕ್ಕೆ ತಿರುಗಿರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಗ್ ಕಾಣೆಯಾಗಿದ್ದರೆ, ಜಾಗ ಬದಲಿಸಿದ್ದರೆ, ಹೊಸದೊಂದು ಹುಟ್ಟಿಕೊಂಡಿದ್ದರೆ ತಪ್ಪು ಓದುವ ಹಂತದಲ್ಲಿದೆ ಅಂತ ಅರ್ಥ. ಎರಡೂ ಒಂದೇ ಇದ್ದು ಕೆಲಸ ಮಾತ್ರ ಆಗದಿದ್ದರೆ ಸ್ಕ್ರಿಪ್ಟ್ ಅಥವಾ ಕ್ಲಿಕ್ ಕಡೆ ನೋಡಬೇಕು. ಮೊದಲು ಸರಿ ಇದ್ದು ಆಮೇಲೆ ಕೆಟ್ಟಿದ್ದರೆ, ಬೇರೆ ಯಾವುದೋ ಕೋಡ್ ಬಂದು ಅದರ ಮೇಲೆ ಬರೆದಿದೆ.

ಟೇಬಲ್‌ನ ಸಾಲು ಮಾಯವಾದರೆ

ಇನ್ನರ್‌ಎಚ್‌ಟಿಎಂಎಲ್‌ಗೆ ಕೊಟ್ಟ ಸ್ಟ್ರಿಂಗನ್ನು ಬ್ರೌಸರ್ ಒಂಟಿಯಾಗಿ ಓದುವುದಿಲ್ಲ. ಅದು ಯಾವ ಎಲಿಮೆಂಟಿನೊಳಗೆ ಹೋಗುತ್ತಿದೆ ಅಂತ ಮೊದಲು ನೋಡುತ್ತದೆ. ಒಂದೇ ಸ್ಟ್ರಿಂಗ್ ಡಿವ್ (ಸಾದಾ ಪೆಟ್ಟಿಗೆ) ಒಳಗೆ ಹೋದರೆ ಒಂದು ಫಲಿತಾಂಶ, ಟಿಬಾಡಿ (ಟೇಬಲ್‌ನ ಸಾಲುಗಳನ್ನು ಹಿಡಿದಿಡುವ ಭಾಗ) ಒಳಗೆ ಹೋದರೆ ಇನ್ನೊಂದು. ಡಿವ್ ಒಳಗೆ ಟಿಆರ್, ಟಿಡಿ, ಟಿಎಚ್, ಟಿಬಾಡಿ ಇವು ನೇರವಾಗಿ ಬರುವಂತಿಲ್ಲ ಅನ್ನೋದು ನಿಯಮ. ಬಂದರೆ ಬ್ರೌಸರ್ ಬೈಯುವುದಿಲ್ಲ, ಕನ್ಸೋಲ್‌ನಲ್ಲಿ ಕೆಂಪು ಸಾಲೂ ಬರುವುದಿಲ್ಲ. ಟ್ಯಾಗನ್ನು ಬಿಸಾಕಿ, ಒಳಗಿನ ಅಕ್ಷರ ಮಾತ್ರ ಇಟ್ಟುಕೊಳ್ಳುತ್ತದೆ. ಹದಿನೇಳು ಲಕ್ಷ ಬಂದಿದ್ದು ಹೀಗೆ.

ಹಾಗಾದರೆ ಇಷ್ಟು ದಿನ ಹೇಗೆ ನಡೆಯುತ್ತಿತ್ತು? ನನ್ನ ಹಳೇ ಕೋಡ್‌ನಲ್ಲೂ ಟಿಆರ್ ಹೋಗುತ್ತಿದ್ದುದು ಡಿವ್ ಒಳಕ್ಕೇ, ನಾಚಿಕೆ ಬಿಟ್ಟು ಹೇಳುತ್ತೇನೆ. ಜೆಕ್ವೆರಿಗೆ ಟಿಆರ್ ಇರುವ ಸ್ಟ್ರಿಂಗ್ ಕೊಟ್ಟರೆ, ಅದು ಒಳಗೊಳಗೇ ಟೇಬಲ್, ಟಿಬಾಡಿ ಸುತ್ತಿ ಓದಿಸುತ್ತದೆ. ಆಮೇಲೆ ಸುತ್ತಿದ್ದನ್ನು ಬಿಚ್ಚಿ, ಟಿಆರ್ ಅನ್ನು ಮಾತ್ರ ತೆಗೆದು ಕೊಡುತ್ತದೆ. ಹೀಗೆ ತಯಾರಾದ ಟಿಆರ್ ಅನ್ನು ಡಿವ್ ಒಳಗೆ ಇಟ್ಟರೆ ಬ್ರೌಸರ್ ಬೇಡ ಅನ್ನುವುದಿಲ್ಲ. ನಿಯಮ ಇರುವುದು ಅಕ್ಷರವನ್ನು ಓದುವಾಗ, ಎಲಿಮೆಂಟನ್ನು ಕೈಯಲ್ಲಿ ಹಿಡಿದು ಇಡುವಾಗ ಅಲ್ಲ. ಇನ್ನು ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್ ಆ ಒಂಟಿ ಟಿಆರ್‌ಗಳ ಸುತ್ತ ಕಣ್ಣಿಗೆ ಕಾಣದ ಒಂದು ಟೇಬಲ್ ಕಲ್ಪಿಸಿಕೊಂಡು, ಅಂಕಣಗಳನ್ನು ಸರಿಯಾಗಿ ಜೋಡಿಸಿಬಿಡುತ್ತದೆ. ತಪ್ಪು ಕೋಡ್ ಸರಿಯಾಗಿ ಕಾಣಲು ಇಬ್ಬರು ಸೇರಿ ಕೆಲಸ ಮಾಡುತ್ತಿದ್ದರು!

ಅವಸರದಲ್ಲಿ ನಾನು ಮಾಡಿದ ಮೊದಲ ರಿಪೇರಿಯೂ ತಪ್ಪಾಯ್ತು. ಡಿವ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಮೊದಲು ಟೇಬಲ್ ತೆರೆಯುವ ಟ್ಯಾಗ್ ಕೊಟ್ಟೆ. ಆಮೇಲೆ ಲೂಪ್‌ನಲ್ಲಿ ಪ್ಲಸ್-ಈಕ್ವಲ್ ಹಾಕಿ ಒಂದೊಂದೇ ಸಾಲು ಸೇರಿಸಿದೆ. ಕೊನೆಗೆ ಟೇಬಲ್ ಮುಚ್ಚುವ ಟ್ಯಾಗ್. ನೋಟ್‌ಪ್ಯಾಡ್‌ನಲ್ಲಿ ಬರೆದಂತೆ ಯೋಚಿಸಿದ್ದೆ. ಆದರೆ ಪ್ರತಿ ಸಲ ಬೆಲೆ ಕೊಟ್ಟಾಗಲೂ ಬ್ರೌಸರ್ ಅಲ್ಲಿಗಲ್ಲಿಗೇ ಪೂರ್ತಿ ಮರ ಕಟ್ಟಿ ಮುಗಿಸುತ್ತದೆ. ತೆರೆದ ಟೇಬಲ್‌ಗೆ ತಾನೇ ಬಾಗಿಲು ಹಾಕುತ್ತದೆ. ಮುಂದಿನ ಸಾಲು ಬರುವ ಹೊತ್ತಿಗೆ ಟೇಬಲ್ ಮುಚ್ಚಿ ಆಗಿದೆ, ಟಿಆರ್ ಮತ್ತೆ ಡಿವ್‌ಗೇ ಬಂದು ಬೀಳುತ್ತದೆ. ಮತ್ತೆ 1760420. ಮೇಲೊಂದು ಖಾಲಿ ಟೇಬಲ್ ಬೇರೆ.

ಎರಡನೇ ರಿಪೇರಿ ಇನ್ನೂ ಮೋಸದ್ದು, ಯಾಕಂದರೆ ಅದು ನಡೆಯಿತು. ಪುಟದಲ್ಲೇ ಒಂದು ಟೇಬಲ್ ಇಟ್ಟು, ಅದರ ಇನ್ನರ್‌ಎಚ್‌ಟಿಎಂಎಲ್‌ಗೆ ಪ್ಲಸ್-ಈಕ್ವಲ್ ಹಾಕಿದೆ. ಸಾಲುಗಳೆಲ್ಲ ನೆಟ್ಟಗೆ ಬಂದವು. ಹುಡುಗನಿಗೆ ಫೋನ್ ಮಾಡಿ “ನೋಡಪ್ಪ, ಸರಿ ಆಯ್ತು” ಅಂದೆ. ಅವನು ನೋಡಿ, “ಸರಿ ಆಗದೆ ಸಾರ್, ಆದ್ರೆ ಒಂದು ಬಿಟ್ಟು ಒಂದು ಬಣ್ಣ ಬರ್ತಿತ್ತಲ್ಲ, ಈಗ ಎಲ್ಲಾ ಬೂದಿ ಬಣ್ಣ” ಅಂದ.

ಅವನ ಕಣ್ಣು ಚುರುಕು. ಸಾಲಿಗೊಂದು ಬಣ್ಣ ಬರಲಿ ಅಂತ ಸಿಎಸ್‌ಎಸ್‌ನಲ್ಲಿ ಬೆಸ ಸಂಖ್ಯೆಯ ಟಿಆರ್‌ಗಳಿಗೆ ಬೂದಿ ಬಣ್ಣ ಕೊಟ್ಟಿದ್ದೆ. ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ನೋಡಿದರೆ ನಲವತ್ತು ಸಾಲಿಗೆ ನಲವತ್ತು ಟಿಬಾಡಿ. ಆದದ್ದು ಇಷ್ಟು. ಟೇಬಲ್‌ಗೆ ನೇರವಾಗಿ ಟಿಆರ್ ಕೊಟ್ಟರೆ ಬ್ರೌಸರ್ ತಾನೇ ಒಂದು ಟಿಬಾಡಿ ಸೃಷ್ಟಿಸಿ ಅದರೊಳಗೆ ಇಡುತ್ತದೆ. ಪ್ಲಸ್-ಈಕ್ವಲ್ ಅಂದರೆ ಈಗಿರುವುದನ್ನು ಅಕ್ಷರಕ್ಕಿಳಿಸಿ, ಹೊಸದನ್ನು ಜೋಡಿಸಿ, ಮತ್ತೆ ಮೊದಲಿಂದ ಓದುವುದು. ಅಕ್ಷರಕ್ಕಿಳಿಸಿದಾಗ ಆ ಟಿಬಾಡಿಯೂ ಮುಚ್ಚಿದ ರೂಪದಲ್ಲಿ ಬಂತು. ಅದರ ಹಿಂದೆ ಹೊಸ ಟಿಆರ್. ಮುಚ್ಚಿದ ಟಿಬಾಡಿಯ ಆಚೆ ಟಿಆರ್ ಕಂಡರೆ ಬ್ರೌಸರ್ ಇನ್ನೊಂದು ಟಿಬಾಡಿ ಮಾಡುತ್ತದೆ. ಹೀಗೆ ಪ್ರತಿ ಸಾಲೂ ತನ್ನದೇ ಮನೆಯಲ್ಲಿ ಒಂದನೇ ಮಗ. ಒಂದು ಬೆಸ ಸಂಖ್ಯೆ ತಾನೇ, ಎಲ್ಲಕ್ಕೂ ಬೂದಿ ಬಣ್ಣ.

ಸರಿಯಾದ ದಾರಿ ಏನು? ಪುಟದಲ್ಲಿ ಟೇಬಲ್ ಮತ್ತು ಟಿಬಾಡಿ ಎರಡನ್ನೂ ಮೊದಲೇ ಇಡಿ. ಹೊಸ ಸಾಲನ್ನು ಟಿಬಾಡಿಗೆ ಇನ್ಸರ್ಟ್‌ಅಡ್ಜೇಸೆಂಟ್‌ಎಚ್‌ಟಿಎಂಎಲ್ ಮೂಲಕ, ‘ಬಿಫೋರ್‌ಎಂಡ್’ ಜಾಗಕ್ಕೆ ಸೇರಿಸಿ. ಇದು ಇರುವುದನ್ನು ಮುಟ್ಟದೆ ಹೊಸದನ್ನು ಮಾತ್ರ ಓದಿ ಕೊನೆಗೆ ಇಡುತ್ತದೆ. ಇದು ಹೊಸ ವಿದ್ಯೆ ಏನಲ್ಲ. ಇನ್ನರ್‌ಎಚ್‌ಟಿಎಂಎಲ್ ಜೊತೆಗೇ 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಬಂದಿದ್ದು. ಫೈರ್‌ಫಾಕ್ಸ್‌ಗೆ ಮಾತ್ರ 2011ರಲ್ಲಿ, 8ನೇ ಆವೃತ್ತಿಯಲ್ಲಿ ಬಂತು.

ಸಾಲು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಟೆಂಪ್ಲೇಟ್ ಎಲಿಮೆಂಟ್ ಬಳಸಿ. ಅದರ ಇನ್ನರ್‌ಎಚ್‌ಟಿಎಂಎಲ್‌ಗೆ ಬರೀ ಟಿಆರ್ ಕೊಟ್ಟರೂ ಬಿಸಾಕುವುದಿಲ್ಲ. ಆಮೇಲೆ ಅದರ ‘ಕಂಟೆಂಟ್’ನಿಂದ ತೆಗೆದುಕೊಳ್ಳಿ. ಇಲ್ಲೊಂದು ಮುಳ್ಳಿದೆ. ಸ್ಟ್ರಿಂಗ್ ಬ್ಯಾಕ್‌ಟಿಕ್ ಒಳಗೆ ಹೊಸ ಸಾಲಿನಿಂದ ಶುರುವಾಗಿದ್ದರೆ, ಆ ಖಾಲಿ ಜಾಗವೂ ಒಂದು ಪಠ್ಯದ ತುಣುಕೇ. ‘ಫಸ್ಟ್‌ಚೈಲ್ಡ್’ ಕೇಳಿದರೆ ನಿಮಗೆ ಸಿಗುವುದು ಆ ಖಾಲಿ ಜಾಗ, ಟಿಆರ್ ಅಲ್ಲ. ಆಮೇಲೆ ‘ಕ್ಲಾಸ್‌ಲಿಸ್ಟ್ ಅನ್‌ಡಿಫೈನ್ಡ್’ ಅಂತ ಅರ್ಧ ಗಂಟೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ‘ಫಸ್ಟ್‌ಎಲಿಮೆಂಟ್‌ಚೈಲ್ಡ್’ ಕೇಳಿ, ಇಲ್ಲ ಸ್ಟ್ರಿಂಗನ್ನು ಟ್ರಿಮ್ ಮಾಡಿ.

ಇದೇ ಜಾತಿಯ ಇನ್ನಷ್ಟು

ಕೊಟ್ಟ ಸಾಲಿಗೂ ಕಟ್ಟಿದ ಮರಕ್ಕೂ ವ್ಯತ್ಯಾಸ ಬರುವ ಬೇರೆ ಜಾಗಗಳೂ ಇವೆ. ನಾನು ಜಾಸ್ತಿ ಕಂಡವನ್ನು ಹೇಳುತ್ತೇನೆ.

ಪೂರ್ತಿ ಟೇಬಲ್ ಇರುವ ಸ್ಟ್ರಿಂಗ್‌ನಲ್ಲಿ, ಟೇಬಲ್ ಮತ್ತು ಮೊದಲ ಟಿಆರ್ ನಡುವೆ “ಲೋಡ್ ಆಗುತ್ತಿದೆ” ಅನ್ನುವ ಡಿವ್ ಇಟ್ಟರೆ ಅದು ಟೇಬಲ್‌ನ ಹೊರಗೆ, ಮೇಲಕ್ಕೆ ಹಾರಿ ಕೂರುತ್ತದೆ. ಸಿಎಸ್‌ಎಸ್ ತಪ್ಪು ಅಂದುಕೊಂಡು ಮಾರ್ಜಿನ್ ತಿದ್ದುತ್ತಾ ಕೂತವರನ್ನು ನೋಡಿದ್ದೇನೆ. ಆ ಮಾತನ್ನು ಒಂದು ಟಿಡಿ ಒಳಗೆ ಹಾಕಿದರೆ ಅಲ್ಲೇ ನಿಲ್ಲುತ್ತದೆ.

ಪಿ ಟ್ಯಾಗ್ ಒಳಗೆ ಡಿವ್ ಬರೆದರೆ, ಡಿವ್ ಕಂಡ ತಕ್ಷಣ ಪಿ ಮುಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ನೀವು ಬರೆದ ಮುಚ್ಚುವ ಪಿ ಒಂಟಿಯಾಗಿ ಉಳಿದು, ಅದರಿಂದ ಇನ್ನೊಂದು ಖಾಲಿ ಪಿ ಹುಟ್ಟುತ್ತದೆ. ಪುಟದಲ್ಲಿ ಯಾಕೋ ಒಂದು ಗೇಣು ಜಾಸ್ತಿ ಜಾಗ ಬಿಟ್ಟಿದೆ ಅನ್ನಿಸಿದರೆ ಇದನ್ನು ನೋಡಿ.

ಡಿವ್ ಟ್ಯಾಗಿನ ಕೊನೆಗೆ ಓರೆ ಗೆರೆ ಹಾಕಿ ಅಲ್ಲೇ ಮುಚ್ಚಿದೆ ಅಂದುಕೊಳ್ಳುವುದು ರಿಯಾಕ್ಟ್ (ಇನ್ನೊಂದು ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದವರಿಗೆ ಬರುವ ಅಭ್ಯಾಸ. ಎಚ್‌ಟಿಎಂಎಲ್ ಓದುವಾಗ ಬ್ರೌಸರ್ ಆ ಗೆರೆಯನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಡಿವ್ ತೆರೆದೇ ಇರುತ್ತದೆ, ಮುಂದೆ ಬರುವುದೆಲ್ಲ ಅದರ ಹೊಟ್ಟೆಗೆ.

ಫಾರ್ಮ್ ಒಳಗೆ ಫಾರ್ಮ್ ಕೂಡ ಹಾಗೆಯೇ. ನೀವು ಸೇರಿಸುವ ಜಾಗ ಈಗಾಗಲೇ ಒಂದು ಫಾರ್ಮ್‌ನ ಒಳಗಿದ್ದರೆ, ಸ್ಟ್ರಿಂಗ್‌ನಲ್ಲಿರುವ ಫಾರ್ಮ್ ಟ್ಯಾಗ್ ಸುಮ್ನೆ ಬಿದ್ದುಹೋಗುತ್ತದೆ. ಇನ್‌ಪುಟ್, ಬಟನ್ ಎಲ್ಲ ಉಳಿಯುತ್ತವೆ. ಆದ್ದರಿಂದ ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಬಟನ್ ಒತ್ತಿದರೆ ಮಾತ್ರ ಹೊರಗಿನ ಫಾರ್ಮ್ ಸಬ್ಮಿಟ್ ಆಗಿ ಪುಟ ಪೂರ್ತಿ ರೀಲೋಡ್ ಆಗುತ್ತದೆ.

ಸ್ಕ್ರಿಪ್ಟ್ ಇದೆ, ಓಡುತ್ತಿಲ್ಲ

ಹತ್ತು ಗಂಟೆಗೆ ಎರಡನೇ ಫೋನ್. ಈ ಸಲ ಮಂಡಿ ಮಾಲೀಕರೇ. “ವಾರದ ರೇಟಿಂದು ಗೆರೆ ಚಿತ್ರ ಬರ್ತಿಲ್ಲವಲ್ಲಪ್ಪ.”

ಆ ಚಿತ್ರ ಬೇರೆ ಫೈಲಿನಿಂದ ಬರುವ ಎಚ್‌ಟಿಎಂಎಲ್ ತುಣುಕು. ಅದರೊಳಗೆ ಒಂದು ಖಾಲಿ ಡಿವ್, ಕೆಳಗೆ ಚಿತ್ರ ಬರೆಯುವ ಸ್ಕ್ರಿಪ್ಟ್ ಟ್ಯಾಗ್. ಎರಡು ಸಾಲು ಲಾಗ್ ಮಾಡಿ ನೋಡಿದೆ, ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಎಲಿಮೆಂಟ್ಸ್‌ನಲ್ಲಿ ಸ್ಕ್ರಿಪ್ಟ್ ಟ್ಯಾಗ್ ಕಾಣುತ್ತಿತ್ತು. ಕನ್ಸೋಲ್ ಶಾಂತ. ಓಡಿರಲಿಲ್ಲ, ಅಷ್ಟೇ.

ಇದು ಬಗ್ ಅಲ್ಲ, ನಿಯಮ. ಇನ್ನರ್‌ಎಚ್‌ಟಿಎಂಎಲ್ ಮೂಲಕ ಬಂದ ಸ್ಕ್ರಿಪ್ಟ್‌ಗೆ ಬ್ರೌಸರ್ ಓದುವಾಗಲೇ “ಇದು ಆಗಲೇ ಶುರುವಾಗಿದೆ” ಅಂತ ಮುದ್ರೆ ಒತ್ತಿಬಿಡುತ್ತದೆ. ಮುದ್ರೆ ಬಿದ್ದ ಸ್ಕ್ರಿಪ್ಟನ್ನು ಮತ್ತೆ ಎಲ್ಲಿ ಇಟ್ಟರೂ ಓಡುವುದಿಲ್ಲ. ಕಿತ್ತು ಬೇರೆ ಕಡೆ ನೆಟ್ಟರೂ ಇಲ್ಲ. ಜೆಕ್ವೆರಿ ಏನು ಮಾಡುತ್ತಿತ್ತು ಅಂದರೆ, ಸ್ಟ್ರಿಂಗ್‌ನಲ್ಲಿರುವ ಸ್ಕ್ರಿಪ್ಟ್‌ಗಳನ್ನು ಹುಡುಕಿ ತೆಗೆದು ತಾನೇ ಓಡಿಸುತ್ತಿತ್ತು. ಜೆಕ್ವೆರಿ ಬಿಟ್ಟ ಪುಟಗಳಲ್ಲಿ ಈ ತೊಂದರೆ ಇಷ್ಟು ಕಾಣಿಸುವುದಕ್ಕೆ ಇದೇ ಕಾರಣ.

ಓಡಿಸಲೇಬೇಕಾದರೆ, ಸೇರಿಸಿದ ಮೇಲೆ ಆ ಜಾಗದಲ್ಲಿರುವ ಒಂದೊಂದು ಸ್ಕ್ರಿಪ್ಟಿಗೂ ಕ್ರಿಯೇಟ್‌ಎಲಿಮೆಂಟ್ ಮೂಲಕ ಹೊಸ ಸ್ಕ್ರಿಪ್ಟ್ ಮಾಡಿ. ಹಳೆಯದರ ಆಟ್ರಿಬ್ಯೂಟ್ ಮತ್ತು ಒಳಗಿನ ಕೋಡ್ ನಕಲು ಮಾಡಿ, ಹಳೆಯದರ ಜಾಗದಲ್ಲಿ ಹೊಸದನ್ನು ಇಡಿ. ಹೊಸದಕ್ಕೆ ಮುದ್ರೆ ಇಲ್ಲ, ಓಡುತ್ತದೆ. ಹೊರಗಿನ ಫೈಲ್‌ಗಳು ಎರಡು ಮೂರು ಇದ್ದರೆ ಹುಷಾರು. ಹೀಗೆ ಮಾಡಿದ ಸ್ಕ್ರಿಪ್ಟ್‌ಗಳು ಯಾವುದು ಮೊದಲು ಇಳಿಯಿತೋ ಅದು ಮೊದಲು ಅಂತ ಓಡುತ್ತವೆ. ಬರೆದ ಕ್ರಮದಲ್ಲೇ ಓಡಬೇಕಾದರೆ ಅವುಗಳ ‘ಅಸಿಂಕ್’ ಅನ್ನು ಫಾಲ್ಸ್ ಮಾಡಬೇಕು.

ಸ್ಕ್ರಿಪ್ಟ್ ಓಡಿದರೂ ಚಿತ್ರ ಬರಲಿಲ್ಲ! ಒಳಗೆ ಎಲ್ಲವನ್ನೂ ‘ಡಾಮ್‌ಕಂಟೆಂಟ್‌ಲೋಡೆಡ್’ (ಪುಟದ ಎಚ್‌ಟಿಎಂಎಲ್ ಓದಿ ಮುಗಿದಾಗ ಬ್ರೌಸರ್ ಹೊಡೆಯುವ ಗಂಟೆ) ಆದಮೇಲೆ ಮಾಡು ಅಂತ ಬರೆದಿದ್ದೆ. ಆ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ತಡವಾಗಿ ಬಂದವರಿಗೆ ಅದು ಮತ್ತೆ ಹೊಡೆಯುವುದಿಲ್ಲ. ಆ ಸುತ್ತುಗಟ್ಟನ್ನು ತೆಗೆದ ಮೇಲೆ ಗೆರೆ ಬಂತು.

ನನ್ನ ಮಾತು ಕೇಳುವುದಾದರೆ ತುಣುಕಿನೊಳಗೆ ಸ್ಕ್ರಿಪ್ಟ್ ಇಡುವುದನ್ನೇ ಬಿಡಿ. ಚಿತ್ರ ಬರೆಯುವ ಫಂಕ್ಷನ್ ಮುಖ್ಯ ಫೈಲಿನಲ್ಲಿರಲಿ, ತುಣುಕು ಸೇರಿಸಿದ ಮರುಸಾಲಿನಲ್ಲಿ ಅದನ್ನು ಕರೆಯಿರಿ. ಮಧ್ಯಾಹ್ನ ನಾನೂ ಹಾಗೇ ಬದಲಿಸಿದೆ.

ಕ್ಲಿಕ್ ಸತ್ತುಹೋದರೆ, ಟೈಪ್ ಮಾಡಿದ್ದು ಅಳಿಸಿಹೋದರೆ

ಪ್ಲಸ್-ಈಕ್ವಲ್‌ನ ಇನ್ನೊಂದು ಏಟು ಇಲ್ಲಿದೆ. ಹುಡುಗ ಹುಡುಕುವ ಪೆಟ್ಟಿಗೆಯಲ್ಲಿ ಲಾಟ್ ನಂಬರ್ ಟೈಪ್ ಮಾಡುತ್ತಿರುವಾಗ ಹೊಸ ಸಾಲು ಬಂದರೆ, ಟೈಪ್ ಮಾಡಿದ್ದೆಲ್ಲ ಖಾಲಿ. ಚೀಟಿ ತೋರಿಸುವ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಹಳೇ ಮರ ಕಿತ್ತು, ಅದರ ನಕಲು ನೆಟ್ಟಂತೆ ಇದು. ಎಲೆ, ಕೊಂಬೆ ಎಲ್ಲ ಹಾಗೇ ಇದೆ, ಹಕ್ಕಿಗೂಡು ಮಾತ್ರ ಇಲ್ಲ. ಆಡ್‌ಇವೆಂಟ್‌ಲಿಸನರ್ ಮೂಲಕ ಕಟ್ಟಿದ ಕ್ಲಿಕ್, ಕೈಯಲ್ಲಿ ಟೈಪ್ ಮಾಡಿದ ಬೆಲೆ, ಎಲ್ಲಿಗೆ ಸ್ಕ್ರಾಲ್ ಆಗಿತ್ತು ಅನ್ನುವುದು, ಇವು ಯಾವುವೂ ಅಕ್ಷರಕ್ಕೆ ಇಳಿಯುವುದಿಲ್ಲ. ಹಾಗಾಗಿ ವಾಪಸ್ ಬರುವುದೂ ಇಲ್ಲ. ಒಳಗೆ ವಿಡಿಯೋ ಇದ್ದರೆ ಮೊದಲಿಂದ ಶುರು, ಐಫ್ರೇಮ್ ಇದ್ದರೆ ಮತ್ತೆ ಲೋಡ್.

ಪತ್ತೆ ಮಾಡುವುದು ಸುಲಭ. ಕ್ಲಿಕ್ ಕಟ್ಟಿದಾಗ ಆ ಬಟನ್ ಅನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದೀರಿ ಅಲ್ವಾ, ಕನ್ಸೋಲ್‌ನಲ್ಲಿ ಅದರ ‘ಈಸ್‌ಕನೆಕ್ಟೆಡ್’ ಕೇಳಿ. ಫಾಲ್ಸ್ ಬಂದರೆ ನಿಮ್ಮ ಕೈಯಲ್ಲಿರುವುದು ಕಿತ್ತು ಹಾಕಿದ ಹಳೇ ಬಟನ್. ಪುಟದಲ್ಲಿ ಕಾಣುತ್ತಿರುವುದು ಬೇರೆ. ಯಾರು ಕಿತ್ತರು ಅಂತ ಗೊತ್ತಾಗದಿದ್ದರೆ, ಕ್ರೋಮ್‌ನ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಹೊರಗಿನ ಎಲಿಮೆಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಬ್ರೇಕ್ ಆನ್’, ಅದರಲ್ಲಿ ‘ಸಬ್‌ಟ್ರೀ ಮಾಡಿಫಿಕೇಷನ್ಸ್’ ಆರಿಸಿ. ಮುಂದಿನ ಸಲ ಯಾವ ಸಾಲು ಬಂದು ಮುಟ್ಟುತ್ತದೋ ಅಲ್ಲೇ ಕೋಡ್ ನಿಲ್ಲುತ್ತದೆ. ಕಳ್ಳನನ್ನು ಹಿಡಿಯಲು ಇದರಷ್ಟು ಒಳ್ಳೆಯ ಬಲೆ ನನಗೆ ಸಿಕ್ಕಿಲ್ಲ.

ರಿಪೇರಿಗೆ ಎರಡು ದಾರಿ. ಪ್ಲಸ್-ಈಕ್ವಲ್ ಬಿಟ್ಟು ಇನ್ಸರ್ಟ್‌ಅಡ್ಜೇಸೆಂಟ್‌ಎಚ್‌ಟಿಎಂಎಲ್‌ಗೆ ಬಂದರೆ ಹಳೇ ಸಾಲುಗಳು ಉಳಿಯುತ್ತವೆ. ಆದರೆ ಹೊಸದಾಗಿ ಬರುವ ಸಾಲಿನ ಬಟನ್‌ಗೆ ಕ್ಲಿಕ್ ಯಾರು ಕಟ್ಟಬೇಕು? ಅದಕ್ಕೆ ಒಂದೊಂದು ಬಟನ್‌ಗೂ ಕಟ್ಟುವ ಬದಲು ಟಿಬಾಡಿಗೆ ಒಂದೇ ಕ್ಲಿಕ್ ಕಟ್ಟಿ. ಕ್ಲಿಕ್ ಒಳಗಿಂದ ಮೇಲಕ್ಕೆ ಬರುತ್ತದೆ. ಬಂದಾಗ ‘ಟಾರ್ಗೆಟ್’ನಿಂದ ‘ಕ್ಲೋಸೆಸ್ಟ್’ ಬಳಸಿ ಯಾವ ಬಟನ್ ಅಂತ ಕೇಳಿ. ಇವತ್ತಿನ ಸಾಲು, ನಾಳೆ ಬರುವ ಸಾಲು ಎಲ್ಲಕ್ಕೂ ಅದೊಂದೇ ಸಾಕು.

ಸ್ಟ್ರಿಂಗ್‌ನೊಳಗೇ ‘ಆನ್‌ಕ್ಲಿಕ್’ ಬರೆದು ಬಚಾವಾಗೋಣ ಅನ್ನಿಸಬಹುದು. ಅದು ಓಡುತ್ತದೆ ಕೂಡ. ಆದರೆ ಸೈಟ್‌ನಲ್ಲಿ ಇನ್‌ಲೈನ್ ಕೋಡ್ ಬೇಡ ಅನ್ನುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಇದ್ದರೆ ಬ್ರೌಸರ್ ತಡೆಯುತ್ತದೆ. ಆಗ ಕನ್ಸೋಲ್‌ನಲ್ಲಿ ಕೆಂಪು ಸಾಲು ಬರುತ್ತದೆ, ಹುಡುಕುವ ಕಷ್ಟವೇ ಇಲ್ಲ.

ರೈತರ ಊರಿನ ಹೆಸರು ಕಾಣುತ್ತಿಲ್ಲ

ಕೊನೆಯದು ನಾನೇ ಕಂಡುಹಿಡಿದದ್ದು, ಯಾರೂ ದೂರು ಹೇಳಿರಲಿಲ್ಲ. ಪುಟದಲ್ಲಿ ರೈತರು ತಮ್ಮ ಹೆಸರು, ಊರು ತಾವೇ ತುಂಬುವ ಒಂದು ಜಾಗ ಇದೆ. ಒಬ್ಬರು ಊರಿನ ಹೆಸರನ್ನು ಎರಡು ಮೂತಿ ಚಿಹ್ನೆಗಳ (< ಮತ್ತು >) ನಡುವೆ ಬರೆದಿದ್ದರು. ಅದೇ, ಟ್ಯಾಗ್ ಬರೆಯಲು ಬಳಸುವ ಚಿಹ್ನೆ. ಇನ್ನೊಬ್ಬರೂ ಹಾಗೇ ಬರೆದಿದ್ದರು. ಒಬ್ಬರ ಊರು ಕಾಣುತ್ತಿತ್ತು, ಇನ್ನೊಬ್ಬರದು ಇಲ್ಲ. ಕಾಣುತ್ತಿದ್ದವರು ಕನ್ನಡದಲ್ಲಿ ಬರೆದಿದ್ದರು. ಕಾಣದವರು ಇಂಗ್ಲಿಷ್‌ನಲ್ಲಿ.

ಮೂತಿ ಚಿಹ್ನೆಯ ಬೆನ್ನಿಗೇ ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗ್ ಅಂತ ಓದುತ್ತದೆ. ಕನ್ನಡ ಅಕ್ಷರ, ಅಂಕಿ ಅಥವಾ ಖಾಲಿ ಜಾಗ ಬಂದರೆ ಟ್ಯಾಗ್ ಅಲ್ಲ, ಚಿಹ್ನೆ ಚಿಹ್ನೆಯಾಗಿಯೇ ಉಳಿಯುತ್ತದೆ. ಹಾಗಾಗಿ ಇಂಗ್ಲಿಷ್‌ನಲ್ಲಿ ಬರೆದ ಊರು ಒಂದು ಗುರುತಿಲ್ಲದ ಟ್ಯಾಗ್ ಆಗಿ ಮರದೊಳಗೆ ಅಡಗಿ ಕೂತಿತ್ತು. ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಮುಳಬಾಗಿಲು ಅನ್ನುವ ಹೆಸರಿನ ಟ್ಯಾಗ್ ನೋಡಿ ನಗು ಬಂತು.

ನಗು ಬೇಗ ನಿಂತಿತು. ಊರಿನ ಹೆಸರು ಟ್ಯಾಗ್ ಆಗಬಹುದು ಅಂದರೆ, ಯಾರು ಬೇಕಾದರೂ ಆ ಪೆಟ್ಟಿಗೆಯಲ್ಲಿ ನಿಜವಾದ ಟ್ಯಾಗ್ ಬರೆಯಬಹುದು. ಸ್ಕ್ರಿಪ್ಟ್ ಹೇಗೂ ಓಡುವುದಿಲ್ಲವಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಮುದ್ರೆ ಬೀಳುವುದು ಸ್ಕ್ರಿಪ್ಟ್ ಟ್ಯಾಗ್‌ಗೆ ಮಾತ್ರ. ಇಲ್ಲದ ಚಿತ್ರದ ವಿಳಾಸ ಕೊಟ್ಟು, ‘ಆನ್‌ಎರರ್’ನಲ್ಲಿ ಕೋಡ್ ಬರೆದ ಇಮೇಜ್ ಟ್ಯಾಗ್ ಇನ್ನರ್‌ಎಚ್‌ಟಿಎಂಎಲ್‌ನಿಂದ ಬಂದರೂ ಓಡುತ್ತದೆ. ಆ ಡಿವ್ ಅನ್ನು ಇನ್ನೂ ಪುಟಕ್ಕೆ ಸೇರಿಸಿರದಿದ್ದರೂ ಓಡುತ್ತದೆ, ಯಾಕಂದರೆ ಚಿತ್ರ ತರಲು ಬ್ರೌಸರ್ ಓದಿದ ತಕ್ಷಣ ಹೊರಡುತ್ತದೆ. ಮಂಡಿಯ ಪುಟದಲ್ಲಿ ಯಾರೋ ಕಿಡಿಗೇಡಿ ರೇಟನ್ನೇ ಬದಲಿಸಿ ತೋರಿಸಬಹುದಿತ್ತು.

ಪರೀಕ್ಷೆ ಮಾಡಲು ನಿಮ್ಮ ಫಾರ್ಮ್‌ನಲ್ಲಿ ಬಿ ಟ್ಯಾಗ್ ನಡುವೆ ಹೆಸರು ಬರೆದು ಸೇವ್ ಮಾಡಿ. ಹೆಸರು ದಪ್ಪಗೆ ಕಂಡರೆ ಬಾಗಿಲು ತೆರೆದಿದೆ. ಟ್ಯಾಗ್ ಸಮೇತ ಹಾಗೇ ಕಂಡರೆ ಮುಚ್ಚಿದೆ. ಜನ ತುಂಬಿದ ಮಾತನ್ನು ಸ್ಟ್ರಿಂಗಿಗೆ ಜೋಡಿಸಬೇಡಿ. ಮೊದಲು ಖಾಲಿ ಟಿಡಿ ಸೇರಿಸಿ, ಆಮೇಲೆ ಅದರ ‘ಟೆಕ್ಸ್ಟ್‌ಕಂಟೆಂಟ್’ಗೆ ಹೆಸರು ಕೊಡಿ. ಅದು ಏನನ್ನೂ ಓದಲು ಹೋಗುವುದಿಲ್ಲ, ಅಕ್ಷರವನ್ನು ಅಕ್ಷರವಾಗಿಯೇ ಇಡುತ್ತದೆ. ಜನ ಬರೆದ ಎಚ್‌ಟಿಎಂಎಲ್ ಅನ್ನೇ ತೋರಿಸಬೇಕಾದ ಅನಿವಾರ್ಯ ಇದ್ದರೆ ಡಾಮ್‌ಪ್ಯೂರಿಫೈ ಎಂಬ ಲೈಬ್ರರಿಯಿಂದ ಸೋಸಿ ಕೊಡಿ. ನೀವೇ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದು ಸೋಸಲು ಹೋಗಬೇಡಿ. ನಾನು ಹೋಗಿದ್ದೆ, ಸೋತಿದ್ದೆ.

ಪುಟವೇ ಬಿಳಿ

ಇದು ನನ್ನ ಪುಟದಲ್ಲಿ ಆಗಲಿಲ್ಲ, ಆದರೆ ಹಳೇ ಕೋಡ್ ರಿಪೇರಿಗೆ ಬಂದಾಗ ಆಗಾಗ ಕಾಣುತ್ತದೆ. ಬಟನ್ ಒತ್ತಿದ ಕೂಡಲೇ ಪುಟ ಪೂರ್ತಿ ಅಳಿಸಿ, ಒಂದೇ ಒಂದು ಸಾಲು ಉಳಿದರೆ ಕೋಡ್‌ನಲ್ಲಿ ‘ಡಾಕ್ಯುಮೆಂಟ್ ರೈಟ್’ ಹುಡುಕಿ. ಪುಟ ಲೋಡ್ ಆಗುತ್ತಿರುವಾಗ ಕರೆದರೆ ಅದು ಇದ್ದಲ್ಲಿಗೆ ಬರೆಯುತ್ತದೆ. ಲೋಡ್ ಮುಗಿದ ಮೇಲೆ ಕರೆದರೆ ಹಳೇ ಪುಟವನ್ನು ಒರೆಸಿ ಹೊಸ ಹಾಳೆಯ ಮೇಲೆ ಬರೆಯುತ್ತದೆ.

ಮಂಡಿಯ ಪುಟದಲ್ಲಿ ಅದು ಇರುವುದು ಒಂದೇ ಕಡೆ. ಚೀಟಿ ಪ್ರಿಂಟ್ ಮಾಡುವಾಗ ಒಂದು ಹೊಸ ಕಿಟಕಿ ತೆರೆದು, ಅದರೊಳಗೆ ಲಾಟ್, ಬಾಕ್ಸ್, ರೇಟು ಬರೆಯಲು. ಒರೆಸಿದರೂ ಒರೆಸುವುದು ಆ ಖಾಲಿ ಕಿಟಕಿಯನ್ನು, ನಮ್ಮ ಪುಟವನ್ನಲ್ಲ. ಹೆಸರನ್ನು ಮಾತ್ರ ಟೆಕ್ಸ್ಟ್‌ಕಂಟೆಂಟ್‌ಗೆ ತಿರುಗಿಸಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ.